ಸುಣ್ಣದ ತಿಳಿಗೆ ಅವಸರದ ಪಂಪು ಬೇಡ

ಅಳಿಯ, ನೀನು ಕಳಿಸಿದ ಪಟ್ಟಿ ನೋಡಿದೆ. ನಾಲ್ಕು ತಲೆಯ ಡೋಸಿಂಗ್ ಪಂಪು, ಮ್ಯಾಗ್ನೆಟ್‌ನಿಂದ ತಿರುಗುವ ಕಾಲ್ಕ್ ಸ್ಟಿರರ್, ವೈಫೈ ಕಂಟ್ರೋಲರ್, ಪಿಎಚ್ ಪ್ರೋಬು. ಎಲ್ಲ ಕೂಡಿಸಿದರೆ ಹವಳದ ಟ್ಯಾಂಕಿಗೆ ಕೊಟ್ಟದ್ದಕ್ಕಿಂತ ಹೆಚ್ಚೇ ಆದೀತು. ದುಡಿಮೆ ನಿನ್ನದು, ಆಸೆಯೂ ನಿನ್ನದು, ನಾನು ಯಾಕೆ ಅಡ್ಡ ಬರಲಿ? ಆದರೆ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಸೋದರಮಾವ ದೇರೆಬೈಲಿನಲ್ಲೇ ಎರಡು ರಸ್ತೆ ಆಚೆ ಕೂತಿರುವಾಗ, ಕೊಳ್ಳುವ ಮೊದಲು ಅವನ ನಾಲ್ಕು ಮಾತು ಕೇಳುವ ಕಷ್ಟ ನಿನಗೆ ಇದ್ದದ್ದೇ.

ಕಾಲ್ಕ್‌ವಾಸರ್ ಎಂದು ಡಬ್ಬಿಯ ಮೇಲೆ ಬರೆದ ಪುಡಿ ಬೇರೆ ಎಂತದೂ ಅಲ್ಲ, ಶುದ್ಧವಾದ ಅರಳಿದ ಸುಣ್ಣ. ಅದನ್ನು ನೀರಿನಲ್ಲಿ ಕಲಸಿ ಕೆಳಗೆ ಇಳಿಯಲು ಬಿಟ್ಟು ಮೇಲಿನ ತಿಳಿ ತೆಗೆದರೆ, ಹೈಸ್ಕೂಲಿನಲ್ಲಿ ನೀನು ನಳಿಗೆಯಿಂದ ಊದಿ ಹಾಲಿನಂತೆ ಬೆಳ್ಳಗೆ ಮಾಡಿದ ಅದೇ ಸುಣ್ಣದ ತಿಳಿನೀರು. ಆ ಪ್ರಯೋಗ ನೆನಪಿಟ್ಟುಕೋ. ನಿನ್ನ ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದ ಕೂಡಲೇ ಸುಣ್ಣ ಗಟ್ಟಿಯಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಹವಳ ತನ್ನ ಎಲುಬು ಕಟ್ಟುವುದೂ ಅದರಿಂದಲೇ. ಪಂಪಿನ ಹೊಟ್ಟೆಯೊಳಗೆ, ಟ್ಯೂಬಿನ ತುದಿಯಲ್ಲಿ, ಫ್ಲೋಟಿನ ಕೀಲಿನಲ್ಲಿ ಕಟ್ಟಿಕೊಂಡು ಕೆಲಸ ಕೆಡಿಸುವುದೂ ಅದೇ. ಸಾಮಾನು ಆರಿಸುವಾಗ ತಲೆಯಲ್ಲಿ ಇರಬೇಕಾದ ರಸಾಯನಶಾಸ್ತ್ರ ಇಷ್ಟೇ.

ಇದರ ಮೇಲೆ ಒಂದು ಪ್ರಶ್ನೆ. ಪಂಪು ಸರಿ ಇರುವಾಗ ಎಷ್ಟು ಚಂದ ಕೆಲಸ ಮಾಡುತ್ತದೆ ಎಂದು ಮಾರುವವರು ಕೇಳದೆಯೇ ಹೇಳುತ್ತಾರೆ. ಕೆಟ್ಟ ದಿನ, ನೀನು ಮಲಗಿರುವಾಗ ಅಥವಾ ಬೆಂಗಳೂರಿಗೆ ಹೋಗಿರುವಾಗ, ಅದು ಎಂತ ಮಾಡುತ್ತದೆ ಎಂದು ಕೇಳು. ಕೆಟ್ಟರೆ ನಿಂತುಹೋಗುವ ಸಾಮಾನು ಉಂಟು, ಕೆಟ್ಟರೆ ನಿಲ್ಲದೆ ಓಡುವ ಸಾಮಾನೂ ಉಂಟು. ಸುಣ್ಣ ಸಿಗದೆ ಎರಡು ದಿನ ಕಳೆದರೆ ಹವಳ ಸಾಯುವುದಿಲ್ಲ. ಎರಡು ದಿನದ ಸುಣ್ಣ ಒಂದು ಗಂಟೆಯಲ್ಲಿ ಬಿದ್ದರೆ ಉಳಿಯುವುದು ಕಷ್ಟ.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನಗೆ ಈ ಸುಣ್ಣ ಬೇಕೇ? ನಿನ್ನ ಟ್ಯಾಂಕಿನಲ್ಲಿ ಇರುವುದು ಬರೇ ಮಶ್ರೂಮ್, ಜೋವಾಂತಿಡ್, ಲೆದರ್ ಮುಂತಾದ ಮೆತ್ತನೆಯವು ಆದರೆ, ವಾರಕ್ಕೊಮ್ಮೆ ಒಳ್ಳೆಯ ಉಪ್ಪಿನಿಂದ ಮಾಡಿದ ನೀರು ಬದಲಿಸಿದರೆ ಕ್ಯಾಲ್ಸಿಯಂ ತಾನಾಗಿ ಸರಿಹೋಗುತ್ತದೆ. ಪಂಪೂ ಬೇಡ, ಪುಡಿಯೂ ಬೇಡ. ಕಲ್ಲು ಕಟ್ಟುವ ಹವಳ ಇಟ್ಟವರಿಗೆ ಮಾತ್ರ ಈ ತಾಪತ್ರಯ.

ಕಲ್ಲುಹವಳ ಅಂದಾಗ ಕಾನೂನಿನ ಮಾತೂ ಆಗಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. 2001ರಲ್ಲಿ ಅದರ ಮೊದಲನೇ ಅನುಸೂಚಿಗೆ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳನ್ನೆಲ್ಲ ಸೇರಿಸಿದರು. ಅಂದರೆ ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಒಂದು ತುಂಡು ತರುವುದೂ ಅಪರಾಧ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಹೊರದೇಶದಿಂದ ಬಂದದ್ದಾದರೆ ಸೈಟಿಸ್ ಒಪ್ಪಂದದ ಕಾಗದ ಬೇಕು. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ, ಅಂಥ ಜೀವಿ ಸಾಕುವವರು ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅಂಗಡಿಯವರು 'ಎಲ್ಲರೂ ಇಟ್ಟಿದ್ದಾರೆ' ಎಂದರೆ ಅದು ಬಿಲ್ಲೂ ಅಲ್ಲ, ಪರವಾನಗಿಯೂ ಅಲ್ಲ. ಪಂಪಿಗೆ ದುಡ್ಡು ಹಾಕುವ ಮೊದಲು ಆ ಕಾಗದಗಳು ಕಪಾಟಿನಲ್ಲಿ ಇರಲಿ.

ಹವಳ ನಮಗೆ ದೂರದ ನೆಂಟ ಅಲ್ಲ ಎಂಬುದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ, ಈ ಹವಳದ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಡಳಿತ ಮಂಗಳೂರಿನಿಂದ. ಇವತ್ತಿಗೂ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ. 2023ರ ಕೊನೆಯಿಂದ ಸಮುದ್ರ ಕಾದು 2024ರಲ್ಲಿ ಲಕ್ಷದ್ವೀಪದ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು. ಸಮುದ್ರದಲ್ಲೇ ಹೀಗಿರುವಾಗ ದೇರೆಬೈಲಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಅದನ್ನು ಸಾಕುವವನ ಹೊಣೆ ಸಣ್ಣದಲ್ಲ. ಇರಲಿ, ಪಂಪಿನ ವಿಷಯಕ್ಕೆ ಬರೋಣ.

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಪಂಪು ಅಲ್ಲ, ಆಲ್ಕಲಿನಿಟಿ ಅಳೆಯುವ ಒಳ್ಳೆಯ ಕಿಟ್. ಒಂದು ದಿನ ಏನೂ ಹಾಕದೆ ಬಿಡು. ಇವತ್ತು ರಾತ್ರಿ ಎಂಟಕ್ಕೆ ಅಳೆ, ನಾಳೆ ರಾತ್ರಿ ಎಂಟಕ್ಕೆ ಅಳೆ. ಎಷ್ಟು ಇಳಿಯಿತೋ ಅದೇ ನಿನ್ನ ಹವಳಗಳ ದಿನದ ಊಟ. ಟ್ಯಾಂಕು, ಅದರ ಕೆಳಗಿನ ಸಂಪು ಸೇರಿ ನಿನ್ನಲ್ಲಿ ಇರುವ ನೀರು 200 ಲೀಟರ್ ಎಂದು ಇಟ್ಟುಕೊಳ್ಳೋಣ. ಆಲ್ಕಲಿನಿಟಿ ದಿನಕ್ಕೆ 0.8 ಡಿಗ್ರಿ (ಡಿಕೆಎಚ್) ಇಳಿಯುತ್ತದೆ ಅಂದುಕೋ. ಪೂರ್ತಿ ಕರಗಿದ ಸುಣ್ಣದ ತಿಳಿ ಒಂದು ಲೀಟರಿನಲ್ಲಿ ಸುಮಾರು ಒಂದೂವರೆ ಗ್ರಾಂ ಸುಣ್ಣ ಇರುತ್ತದೆ, ಅದಕ್ಕಿಂತ ಹೆಚ್ಚು ಪುಡಿ ಸುರಿದರೂ ಕರಗುವುದಿಲ್ಲ. ಉಪ್ಪು, ಸಕ್ಕರೆಯ ಹಾಗಲ್ಲ, ನೀರು ಬಿಸಿಯಾದಷ್ಟೂ ಸುಣ್ಣ ಕಡಿಮೆ ಕರಗುತ್ತದೆ. ಆ ಒಂದು ಲೀಟರ್ ತಿಳಿ 200 ಲೀಟರ್ ನೀರಿನ ಆಲ್ಕಲಿನಿಟಿಯನ್ನು 0.57ರಷ್ಟೂ ಕ್ಯಾಲ್ಸಿಯಮ್ಮನ್ನು ಲೀಟರಿಗೆ ನಾಲ್ಕು ಮಿಲಿಗ್ರಾಮಿನಷ್ಟೂ ಏರಿಸುತ್ತದೆ. ಹಾಗಾದರೆ ನಿನಗೆ ಬೇಕಾದದ್ದು ದಿನಕ್ಕೆ 1.4 ಲೀಟರ್ ತಿಳಿ. ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ನಿಮಿಷಕ್ಕೆ ಒಂದು ಮಿಲಿಲೀಟರ್.

ನಿಮಿಷಕ್ಕೆ ಒಂದು ಮಿಲಿ! ನಿನ್ನ ಪಟ್ಟಿಯ ನಾಲ್ಕು ತಲೆಯ ಪಂಪು ಎಷ್ಟು ವೇಗದ್ದು, ಹೋಗಿ ನೋಡು.

ಈ ಸಣ್ಣ ಲೆಕ್ಕಕ್ಕೆ ಎಲ್ಲಕ್ಕಿಂತ ಅಗ್ಗದ ಉತ್ತರ ಕುಂಟಿಕಾನದ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್. ಸಾಮಾನ್ಯ ಸೆಟ್ಟಿನಲ್ಲಿ ಇಪ್ಪತ್ತು ಹನಿಗೆ ಒಂದು ಮಿಲಿ, ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಅಂದರೆ ಮೂರು ಸೆಕೆಂಡಿಗೆ ಒಂದು ಹನಿ ಬಿದ್ದರೆ ನಿನ್ನ ಲೆಕ್ಕ ಸರಿಯಾಯಿತು. ಸೂಜಿ ತೆಗೆದು ಬಿಸಾಡು, ಒಳಗೆ ಜಾಲರಿ ಇದ್ದರೆ ಅದನ್ನೂ ತೆಗೆ, ಇಲ್ಲದಿದ್ದರೆ ಸುಣ್ಣ ಅಲ್ಲೇ ಕಟ್ಟಿಕೊಳ್ಳುತ್ತದೆ. ಒಂದು ಮೀನೂಟದ ದುಡ್ಡಿಗಿಂತ ಕಡಿಮೆ ಖರ್ಚು, ಕರೆಂಟೂ ಬೇಡ. ಇದರ ದೋಷ ಏನೆಂದರೆ, ಕ್ಯಾನಿನಲ್ಲಿ ನೀರು ಇಳಿದ ಹಾಗೆ ಹನಿಯೂ ನಿಧಾನ ಆಗುತ್ತದೆ. ಹಿಡಿತದ ಚಕ್ರ ಇರುವಲ್ಲಿ ಸುಣ್ಣ ಸೇರಿಕೊಂಡು ಇನ್ನೂ ನಿಧಾನ ಆಗುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹನಿ ಎಣಿಸಲೇಬೇಕು. ಹೆಚ್ಚಾಗಿ ಇದು ಕೆಡುವುದು ನಿಲ್ಲುವ ಕಡೆಗೆ. ಚಕ್ರ ಜಾರಿದರೆ ಮಾತ್ರ ಇದ್ದದ್ದೆಲ್ಲ ಇಳಿದೀತು, ಅದಕ್ಕೇ ಮೇಲಿಡುವ ಕ್ಯಾನು ಸಣ್ಣದಿರಬೇಕು.

ಡ್ರಿಪ್ ಸೆಟ್ಟನ್ನು ಬಡವರ ದಾರಿ ಎಂದು ನಗಬೇಡ. 1970ರ ದಶಕದಲ್ಲಿ ಯುರೋಪಿನಲ್ಲಿ ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿಯಿಂದ ಹವಳ ಸಾಕುವ ಕ್ರಮವನ್ನು ಪ್ರಚಾರಕ್ಕೆ ತಂದಾಗ ಫೋನಿನಿಂದ ನಡೆಯುವ ಪಂಪು ಯಾರ ಮನೆಯಲ್ಲೂ ಇರಲಿಲ್ಲ. ಹನಿ ಎಣಿಸುವ ತಾಳ್ಮೆ ಬಂದವನಿಗೆ ಮಾತ್ರ ಪಂಪು ಕೆಟ್ಟದ್ದು ಬೇಗ ಗೊತ್ತಾಗುತ್ತದೆ.

ಆದರೂ ನೀನು ಕೆಲಸಕ್ಕೆ ಹೋಗುವವ, ರಾತ್ರಿ ಪಾಳಿ ಬೇರೆ, ವರ್ಷವಿಡೀ ದಿನಾ ಹನಿ ಎಣಿಸುವುದು ನಡೆಯದು. ಹಾಗಾದರೆ ಕೊಳ್ಳಬೇಕಾದದ್ದು ಪೆರಿಸ್ಟಾಲ್ಟಿಕ್ ಪಂಪು. ಉರುಳೆಗಳು ಟ್ಯೂಬನ್ನು ಹಿಂಡುತ್ತಾ ನೀರನ್ನು ಮುಂದೆ ತಳ್ಳುವ ಜಾತಿ. ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಸಾಗಿಸುವುದೂ ಇದೇ. ಸುಣ್ಣ ತಾಗುವುದು ಟ್ಯೂಬಿಗೆ ಮಾತ್ರ, ಮೋಟಾರಿಗೆ ಅಲ್ಲ. ನಿಂತಾಗ ಉರುಳೆ ಟ್ಯೂಬನ್ನು ಅದುಮಿ ಹಿಡಿದಿರುವುದರಿಂದ ನೀರು ತಾನಾಗಿ ಹರಿಯುವುದೂ ಇಲ್ಲ. ಟ್ಯೂಬು ಸವೆದು ಸಡಿಲವಾದರೆ ಆ ಭರವಸೆಯೂ ಹೋಯಿತು, ಹಾಗಾಗಿ ತಲೆಯ ಟ್ಯೂಬು ಬೇರೆಯಾಗಿ ಸಿಗದ ಪಂಪು ಎಷ್ಟೇ ಚಂದ ಇದ್ದರೂ ಬೇಡ. ಕಮೊಯರ್, ಜೆಬಾವೊ ಎಂದೆಲ್ಲ ಹೆಸರು ಹೇಳುತ್ತಾರೆ. ಹೆಸರಿಗಿಂತ ಈ ಎರಡು ನೋಡು. ಒಂದು, ಸ್ಟೆಪರ್ ಮೋಟಾರಿನದ್ದಾದರೆ ಒಳ್ಳೆಯದು, ಸುತ್ತು ಎಣಿಸಿಕೊಂಡು ತಿರುಗುವುದರಿಂದ ಅಳತೆ ಬೇಗ ತಪ್ಪುವುದಿಲ್ಲ. ಇನ್ನೊಂದು, ಮತ್ತು ಮುಖ್ಯವಾದದ್ದು, ಅದರ ವೇಗ.

ಇಲ್ಲಿ ಹುಡುಗರು ಎಡವುತ್ತಾರೆ. ನಿಮಿಷಕ್ಕೆ 80 ಮಿಲಿ ತಳ್ಳುವ ಪಂಪು ದಿನದ ಕೆಲಸವನ್ನು ಹದಿನೆಂಟು ನಿಮಿಷದಲ್ಲಿ ಮುಗಿಸುತ್ತದೆ, ಅದನ್ನೇ ಹೆಚ್ಚುಗಾರಿಕೆ ಅಂದುಕೊಳ್ಳುತ್ತಾರೆ. ಅದರ ರಿಲೇ ಒಂದು ರಾತ್ರಿ ಅಂಟಿಕೊಂಡರೆ ಐದು ಲೀಟರಿನ ಕ್ಯಾನು ಒಂದು ಗಂಟೆಯಲ್ಲಿ ಖಾಲಿ. ಆಲ್ಕಲಿನಿಟಿ ಒಂದೂವರೆ ಡಿಗ್ರಿ ಏರುವಷ್ಟು ಸುಣ್ಣ ಒಮ್ಮೆಗೇ ಬಿದ್ದರೆ ಪಿಎಚ್ 0.6ಕ್ಕಿಂತ ಹೆಚ್ಚು ಜಿಗಿಯುತ್ತದೆ, ಐದು ಲೀಟರ್ ಬಿದ್ದರೆ ಅದರ ಸುಮಾರು ಎರಡು ಪಟ್ಟು ಸುಣ್ಣ ಬಿದ್ದ ಹಾಗೆ. ಬೆಳಿಗ್ಗೆ ಎದ್ದು ನೋಡಿದರೆ ನೀರೆಲ್ಲ ಬೆಳ್ಳಗೆ, ಹೀಟರಿಗೂ ಪಂಪಿಗೂ ಸುಣ್ಣ ಬಳಿದ ಹಾಗೆ, ಮೀನು ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆ. ಅದೇ ನಿಮಿಷಕ್ಕೆ ಎರಡೂವರೆ ಮಿಲಿಯ ಪಂಪು ಆದರೆ ದಿನದ ಕೆಲಸಕ್ಕೆ ಒಂಬತ್ತು ಗಂಟೆ ಹತ್ತಿರ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ, ಸರಿಯಾಗಿ ಬೇಕಾದ ಹೊತ್ತು. ಅಂಟಿಕೊಂಡು ಇಡೀ ದಿನ ಓಡಿದರೂ ಬೀಳುವುದು 3.6 ಲೀಟರ್, ಅದೂ ಹನಿಹನಿಯಾಗಿ. ಆಲ್ಕಲಿನಿಟಿ ಎರಡು ಡಿಗ್ರಿ ಏರುತ್ತದೆ, ಹವಳ ಮುದುಡಿಕೊಳ್ಳುತ್ತದೆ, ಆದರೆ ಟ್ಯಾಂಕು ಉಳಿಯುತ್ತದೆ. ಕ್ಯಾನಿನಲ್ಲಿ ಎರಡು ದಿನಕ್ಕೆ ಆಗುವಷ್ಟು, ಮೂರು ಲೀಟರ್ ಮಾತ್ರ ತಿಳಿ ಇಟ್ಟಿದ್ದರೆ ಅಷ್ಟೂ ಆಗದು.

ರಾತ್ರಿ ಯಾಕೆ ಎಂದು ಕೇಳುತ್ತೀ. ದೀಪ ಆರಿದ ಮೇಲೆ ಪಾಚಿ, ಹವಳ ಎಲ್ಲ ಇಂಗಾಲದ ಡೈಆಕ್ಸೈಡ್ ಹೀರುವುದನ್ನು ಬಿಟ್ಟು ಹೊರಗೆ ಬಿಡುತ್ತವೆ, ಪಿಎಚ್ ಇಳಿಯುತ್ತದೆ. ಅದರ ಮೇಲೆ ನೀವು ಏಸಿ ಹಾಕಿ ಕಿಟಕಿ ಮುಚ್ಚಿ ಮಲಗುವವರು, ಮನೆಯ ಗಾಳಿಯಲ್ಲೂ ಅದೇ ಹೆಚ್ಚು. ಸುಣ್ಣದ ತಿಳಿ ಆ ಹೆಚ್ಚಿನ ಅನಿಲವನ್ನು ಹಿಡಿದುಕೊಂಡು ಪಿಎಚ್ ಎತ್ತಿ ನಿಲ್ಲಿಸುತ್ತದೆ. ಹೆಚ್ಚಿನ ಕ್ಯಾಲ್ಸಿಯಂ ಮದ್ದುಗಳಿಗೆ ಇಲ್ಲದ ಗುಣ ಇದು. ನನಗೆ ಸುಣ್ಣದ ಮೇಲೆ ಮಮತೆ ಇರುವುದೂ ಇದಕ್ಕೇ.

ಈಗ ಎಟಿಓ ವಿಷಯ. ಆರಿದ ನೀರನ್ನು ತಾನಾಗಿ ತುಂಬಿಸುವ ಆ ಪೆಟ್ಟಿಗೆಗೇ ಸುಣ್ಣದ ತಿಳಿ ಹಾಕಿಬಿಟ್ಟರೆ ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಎಲ್ಲೆಡೆ ಹೇಳುತ್ತಾರೆ. ವರ್ಷವಿಡೀ ಗಾಳಿ ಒಣಗಿರುವ ಊರುಗಳಲ್ಲಿ ಅದು ನಡೆಯುತ್ತದೆ, ಅಲ್ಲಿಯ ಅನುಭವಿಗಳು ಅದರಲ್ಲೇ ವರ್ಷಗಟ್ಟಲೆ ಟ್ಯಾಂಕು ನಡೆಸಿದ್ದಾರೆ. ನಮ್ಮ ಊರಿಗೆ ಅದು ಹೇಳಿದ ಮಾತಲ್ಲ. ನೀರು ಎಷ್ಟು ಆರುತ್ತದೋ ಅಷ್ಟೇ ಸುಣ್ಣ ಎಂಬುದು ಅದರ ಲೆಕ್ಕ. ಮಂಗಳೂರಿನಲ್ಲಿ ನೀರು ಆರುವ ಲೆಕ್ಕ ಯಾರ ಮಾತೂ ಕೇಳುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಒಗೆದ ಅಂಗಿ ಒಳಗೆ ಹಗ್ಗದ ಮೇಲೆ ಹೇಗೆ ತಣ್ಣಗೆ ತೂಗುತ್ತಿರುತ್ತದೋ ಟ್ಯಾಂಕಿನ ನೀರೂ ಹಾಗೇ, ಆರುವ ಯೋಚನೆಯೇ ಇಲ್ಲ.

ಉದಾಹರಣೆ ಇಟ್ಟು ನೋಡು. ಮೇ ತಿಂಗಳ ಸೆಕೆಗೆ ನೀರು ಬಿಸಿಯಾಗದಂತೆ ಮೇಲಿನಿಂದ ಫ್ಯಾನು ಬಿಟ್ಟಿದ್ದೀ, ದಿನಕ್ಕೆ ಮೂರು ಲೀಟರ್ ಆರುತ್ತದೆ ಅನ್ನು. ಎಟಿಓದಲ್ಲಿ ಸುಣ್ಣ ಇದ್ದರೆ ಮೂರು ಲೀಟರ್ ತಿಳಿ ಬಿತ್ತು, 1.7 ಡಿಗ್ರಿ. ಹವಳಕ್ಕೆ ಬೇಕಾದದ್ದು 0.8, ಉಳಿದದ್ದು ದಿನಾ ಮೇಲಕ್ಕೆ ಏರುತ್ತಾ ಹೋಗುತ್ತದೆ. ಜುಲೈಯಲ್ಲಿ ಫ್ಯಾನು ನಿಲ್ಲಿಸಿದೆ, ಹೊರಗೆ ಜಡಿಮಳೆ, ದಿನಕ್ಕೆ ಒಂದೇ ಲೀಟರ್ ಆರಿತು. ಈಗ ಸಿಕ್ಕಿದ್ದು 0.57, ಹವಳ ಹಸಿದುಕೊಂಡಿತು. ಒಂದೇ ಟ್ಯಾಂಕು, ಒಂದೇ ಸಾಮಾನು, ಎರಡು ತಿಂಗಳಲ್ಲಿ ಎರಡು ಬಗೆಯ ತೊಂದರೆ. ಪುಸ್ತಕ ಬರೆದವರು ನಮ್ಮ ಆಟಿಯನ್ನು ನೋಡಿದವರಲ್ಲ.

ಅದಕ್ಕೆ ಎಟಿಓದಲ್ಲಿ ಬರೇ ಆರ್‌ಓ ನೀರು ಇರಲಿ, ಸುಣ್ಣಕ್ಕೆ ಬೇರೆಯೇ ಪಂಪು ಇರಲಿ. ಬೇಸಿಗೆಯಲ್ಲಿ ಸುಣ್ಣದ ಪಂಪು ತನ್ನ 1.4 ಲೀಟರ್ ಹಾಕುತ್ತದೆ, ಬಾಕಿ 1.6 ಲೀಟರನ್ನು ಎಟಿಓ ತುಂಬಿಸುತ್ತದೆ. ಮಳೆಗಾಲದಲ್ಲಿ ಆರುವುದಕ್ಕಿಂತ ಹೆಚ್ಚು ತಿಳಿ ಹಾಕಲು ಹೋಗಬೇಡ. ಹಾಕಿದರೆ ಸಂಪಿನ ನೀರು ದಿನಾ ಏರುತ್ತದೆ, ಉಪ್ಪು ತೆಳುವಾಗುತ್ತದೆ. 35ರಲ್ಲಿ ಇರಬೇಕಾದದ್ದು ನಿಧಾನಕ್ಕೆ 33 ಆಗಿರುತ್ತದೆ, ನಿನಗೆ ಗೊತ್ತೂ ಆಗುವುದಿಲ್ಲ. ಪಂಪನ್ನು ಒಂದು ಲೀಟರಿಗೆ ಇಳಿಸು. ಕಡಿಮೆ ಬಿದ್ದದ್ದಕ್ಕೆ ದಿನಕ್ಕೆ ಒಂದೂವರೆ ಗ್ರಾಮಿಗಿಂತ ಸ್ವಲ್ಪ ಕಡಿಮೆ ಅಡುಗೆ ಸೋಡಾ ಆರ್‌ಓ ನೀರಿನಲ್ಲಿ ಕರಗಿಸಿ ಹಾಕು, ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆ ಹೊತ್ತಿನಲ್ಲಿ, ಬೇರೆ ಪಾತ್ರೆಯಲ್ಲಿ. ಎರಡನ್ನೂ ಒಟ್ಟಿಗೆ ಕಲಸಿದರೆ ಪಾತ್ರೆಯಲ್ಲೇ ಸುಣ್ಣದಕಲ್ಲು ಆಗುತ್ತದೆ. ಏಸಿ ಓಡುವ ಕೋಣೆಯಾದರೆ ಮಳೆಗಾಲದಲ್ಲೂ ಸ್ವಲ್ಪ ಹೆಚ್ಚು ಆರುತ್ತದೆ, ನಿನ್ನ ಮನೆಯ ಲೆಕ್ಕವನ್ನು ನೀನೇ ಅಳೆದು ಬರೆದಿಡು.

ಎಟಿಓಗೆ ಸುಣ್ಣ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ನಮ್ಮ ಕರೆಂಟು. ಕರೆಂಟು ಹೋದಾಗ ಮೇಲಿನ ಟ್ಯಾಂಕಿನ ನೀರು ಒಂದಷ್ಟು ಸಂಪಿಗೆ ಇಳಿಯುತ್ತದೆ. ಬಂದಾಗ ರಿಟರ್ನ್ ಪಂಪು ಅದನ್ನು ಗಬಕ್ಕನೆ ಮೇಲೆಳೆಯುತ್ತದೆ, ಸಂಪಿನ ಮಟ್ಟ ಕ್ಷಣಹೊತ್ತು ಕೆಳಗೆ ಹೋಗುತ್ತದೆ. ಸೆನ್ಸರಿಗೆ ಅದು ನೀರು ಆರಿದ ಹಾಗೆ ಕಾಣುತ್ತದೆ, ಪಂಪು ಶುರು. ಏಪ್ರಿಲ್-ಮೇಯ ಗುಡುಗಿನ ಸಂಜೆ ಕರೆಂಟು ಏಳು ಸಲ ಹೋಗಿ ಬಂದರೆ ಏಳು ಸಲವೂ ಹೀಗೇ. ಬರೇ ನೀರು ಆದರೆ ಪರವಾಗಿಲ್ಲ. ಸುಣ್ಣ ಆದರೆ ಲೆಕ್ಕ ಹಾಕು. ಮೇಲೆ ಎಟಿಓದ ಪುಟ್ಟ ಮುಳುಗು ಪಂಪು ಗಂಟೆಗೆ ನೂರಾರು ಲೀಟರ್ ತಳ್ಳುವ ಜಾತಿ, ಅದರ ಇಂಪೆಲ್ಲರಿಗೆ ಸುಣ್ಣ ಕಟ್ಟಿಕೊಂಡರೆ ತಿರುಗುವುದೂ ಇಲ್ಲ.

ಟೈಮರ್ ವಿಷಯದಲ್ಲೂ ಇದೇ ಎಚ್ಚರ. ಪಿನ್ನು ಒತ್ತುವ ಹಳೇ ಬಗೆಯ ಟೈಮರ್ ಕರೆಂಟು ಹೋದಷ್ಟು ಹೊತ್ತು ನಿಂತಿರುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟು ಹೋದರೆ ಎರಡು ವಾರದಲ್ಲಿ ನಿನ್ನ ರಾತ್ರಿ ಹತ್ತು ಬೆಳಗಿನ ಐದಾಗಿರುತ್ತದೆ, ಸುಣ್ಣ ಮಧ್ಯಾಹ್ನದ ಬೆಳಕಿನವರೆಗೂ ಬೀಳುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೋ. ವೈಫೈ ಪಂಪಾದರೆ ಕೊಳ್ಳುವಾಗಲೇ ಪ್ಲಗ್ ಕಿತ್ತು ಮತ್ತೆ ಹಾಕಿಸಿ ನೋಡು, ಇಂಟರ್ನೆಟ್ ಇಲ್ಲದೆಯೂ ಹೊತ್ತು, ಅಳತೆ ನೆನಪಿರುತ್ತದೋ ಎಂದು. ನೆನಪಿಲ್ಲದಿದ್ದರೆ ಅಲ್ಲೇ ಬಿಟ್ಟು ಬಾ. ಸಿಡಿಲಿನ ದಿನಗಳಿಗೆ ಸರ್ಜ್ ಪ್ರೊಟೆಕ್ಟರ್ ಇರಲಿ. ಪಂಪನ್ನೂ ಪ್ಲಗ್ ಬೋರ್ಡನ್ನೂ ಸಂಪಿನ ಕಪಾಟಿನೊಳಗೆ ತುರುಕಬೇಡ. ಉಪ್ಪಿನ ಹಬೆಗೆ ಸರ್ಕ್ಯೂಟು ಹಸಿರು ಕಟ್ಟುತ್ತದೆ, ಬೆಚ್ಚಗಿದ್ದಲ್ಲಿಗೆ ಹಲ್ಲಿಯೂ ಇರುವೆಯೂ ಬಂದೇ ಬರುತ್ತವೆ. ಹೊರಗೆ ಗೋಡೆಗೆ, ಎದೆಮಟ್ಟದಲ್ಲಿ, ಕಣ್ಣಿಗೆ ಕಾಣುವ ಹಾಗೆ ಹೊಡೆ.

ಸ್ಟಿರರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಉದ್ದನೆಯ ಅಕ್ರಿಲಿಕ್ ಕೊಳವೆ, ಕೆಳಗೆ ಸುಣ್ಣ, ಮಧ್ಯೆ ಮಧ್ಯೆ ತಿರುಗುವ ಕೋಲು, ಕೆಳಗಿನಿಂದ ನೀರು ಹೋದರೆ ಮೇಲಿನಿಂದ ತಿಳಿ ಬರುತ್ತದೆ. ಸಾವಿರ ಲೀಟರಿನ ಟ್ಯಾಂಕು, ದಿನಕ್ಕೆ ಹತ್ತಾರು ಲೀಟರ್ ಆರುವ ಜಾಗ, ಅಲ್ಲಿಗೆ ಅದು ಬೇಕು. ನಿನ್ನ ಟ್ಯಾಂಕಿಗೆ ಅದು ಅಲಂಕಾರ. ನೀರು ಸ್ವಲ್ಪ ರಭಸವಾಗಿ ಹೋದರೆ ತಿಳಿಯ ಬದಲು ಹಾಲೇ ಬಂದು ಟ್ಯಾಂಕಿಗೆ ಬೀಳುತ್ತದೆ. ಬೇಡ. ಪಿಎಚ್ ಪ್ರೋಬು ಮಾತ್ರ ಕೊಂಡರೆ ತಪ್ಪಿಲ್ಲ, 8.5 ದಾಟಿದ ಕೂಡಲೇ ಪಂಪಿನ ಕರೆಂಟು ಕಡಿಯುವ ಹಾಗೆ ಇಟ್ಟುಕೋ. ಆದರೆ ಅದು ಎರಡನೇ ಬೀಗ, ಮೊದಲನೆಯದಲ್ಲ. 7 ಮತ್ತು 10ರ ಬಫರ್ ದ್ರಾವಣದಲ್ಲಿ ಆಗಾಗ ಸರಿಪಡಿಸದಿದ್ದರೆ ಅದು ಸುಳ್ಳೇ ಹೇಳುತ್ತದೆ.

ಕ್ಯಾನಿನ ಕೆಲಸ ಹೀಗೆ ಮಾಡು. ಹತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು, ಬಿಗಿಯಾದ ಮುಚ್ಚಳ. ಆರ್‌ಓ ನೀರು ತುಂಬಿಸಿ, ಲೀಟರಿಗೆ ಎರಡು ಗ್ರಾಮಿನಂತೆ ಸುಣ್ಣ ಹಾಕಿ, ಚೆನ್ನಾಗಿ ಕುಲುಕಿ, ಒಂದು ರಾತ್ರಿ ಮುಟ್ಟದೆ ಬಿಡು. ಬೇಡದ ಲೋಹಗಳಲ್ಲಿ ಹೆಚ್ಚಿನವು ಕೆಳಗಿನ ಗಸಿಯಲ್ಲೇ ಉಳಿಯುತ್ತವೆ. ಮೇಲಿನ ತಿಳಿಯನ್ನು ಟ್ಯೂಬಿನಿಂದ ಎಳೆದು ಮೂರು ಲೀಟರಿನ ಸಣ್ಣ ಕ್ಯಾನಿಗೆ ತುಂಬು, ಪಂಪು ಎಳೆಯುವುದು ಅದರಿಂದ. ಆಗ ಗಸಿ ಪಂಪಿನ ಹತ್ತಿರವೂ ಬರುವುದಿಲ್ಲ. ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿದರೆ ಕದಡಬೇಡ, ಅದೇ ಗಾಳಿಗೆ ಮುಚ್ಚಳ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಹಿತ್ತಾಳೆಯ ಜಾಯಿಂಟೂ ಬೇಡ, ಅದರ ತಾಮ್ರ ಹವಳಕ್ಕೆ ವಿಷ. ಟ್ಯೂಬಿನ ತುದಿ ಸಂಪಿನಲ್ಲಿ ನೀರು ರಭಸವಾಗಿ ಹರಿಯುವ ಕಡೆ ಇರಲಿ, ನೀರಿಗೆ ತಾಗದೆ ನಾಲ್ಕು ಬೆರಳು ಮೇಲೆ, ರಿಟರ್ನ್ ಪಂಪಿನ ಬಾಯಿಗೆ ನೇರವಾಗಿ ಬೇಡ. ತಿಂಗಳಿಗೊಮ್ಮೆ ಪಂಪಿನ ಟ್ಯೂಬಿನಲ್ಲಿ ವಿನೆಗರ್ ಓಡಿಸಿ ತೊಳೆ, ತೊಳೆದದ್ದು ಬಕೆಟ್ಟಿಗೆ ಹೋಗಲಿ. ಅಳತೆಯನ್ನೂ ಅವತ್ತೇ ಒಮ್ಮೆ ಸಿರಿಂಜಿನಲ್ಲಿ ಹಿಡಿದು ನೋಡು.

ನೀರಿಗೆ ನಮ್ಮ ಬಾವಿಯ ನೀರೇ ಸಾಕಲ್ಲ, ಇಷ್ಟು ಸಿಹಿ ನೀರು ಎಲ್ಲಿ ಸಿಗುತ್ತದೆ ಎಂದು ನಿನ್ನ ಅಮ್ಮ ಹೇಳಬಹುದು. ಕುಡಿಯಲು ಸರಿ. ಆದರೆ ಮುರಕಲ್ಲಿನ ನೆಲದ ನೀರು, ಕಬ್ಬಿಣ ಇರುತ್ತದೆ. ತುಂಬೆಯಿಂದ ಬರುವ ನಳ್ಳಿ ನೀರಿನಲ್ಲಿ ಕ್ಲೋರಿನ್. ಎರಡೂ ಬೇಡ, ಆರ್‌ಓ ಮಾಡಿ ಡಿಐ ದಾಟಿಸಿ ಟಿಡಿಎಸ್ ಸೊನ್ನೆ ತೋರಿಸಿದ ನೀರೇ ಆಗಬೇಕು. ಸುಣ್ಣವೂ ಹಾಗೆ. ಬೀಡಾ ಅಂಗಡಿಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ಹೊಳೆಬದಿಯ ಗೂಡಿನಲ್ಲಿ ಸುಟ್ಟ ಚಿಪ್ಪಿನ ಸುಣ್ಣ, ಹೆಸರು ಒಂದೇ ಆದರೂ ಒಳಗೆ ಏನೇನು ಉಂಟೋ. ಪ್ರಯೋಗಾಲಯಕ್ಕೆ ಅಥವಾ ಆಹಾರಕ್ಕೆ ಬಳಸುವ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದೇ ಕೇಳು. ಸುಟ್ಟ ಸುಣ್ಣ ಬೇಡವೇ ಬೇಡ, ನೀರು ತಾಗಿದರೆ ಕುದಿಯುತ್ತದೆ. ಡಬ್ಬಿ ತೆರೆದಿಟ್ಟರೆ ನಮ್ಮ ಹಸಿ ಗಾಳಿಗೆ ಸುಣ್ಣ ಸತ್ತುಹೋಗುತ್ತದೆ. ಅನುಮಾನ ಬಂದರೆ ಚಿಟಿಕೆ ಪುಡಿಗೆ ವಿನೆಗರ್ ಬಿಡು, ಬುರುಬುರು ನೊರೆ ಬಂದರೆ ಅದು ಸುಣ್ಣವಾಗಿ ಉಳಿದಿಲ್ಲ.

ಎಲೆ ಅಡಿಕೆಯ ಜೊತೆ ನಾವು ತಲೆತಲಾಂತರದಿಂದ ಸುಣ್ಣ ತಿಂದವರು, ಹಾಗಾಗಿ ಅದರ ಮೇಲೆ ಹೆದರಿಕೆ ಇಲ್ಲ. ಈ ತಿಳಿಯ ಪಿಎಚ್ 12ರ ಮೇಲೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಸುಣ್ಣದ ಪೊಟ್ಟಣ ಒತ್ತಿ ಕಣ್ಣು ಕೆಡಿಸಿಕೊಂಡ ಮಕ್ಕಳನ್ನು ಕಣ್ಣಿನ ಡಾಕ್ಟರುಗಳು ನೋಡುತ್ತಲೇ ಇರುತ್ತಾರೆ. ಪುಡಿ ಹಾಕುವಾಗ ಕನ್ನಡಕ, ಕೈಗವಸು ಹಾಕಿಕೋ. ಬಿದ್ದರೆ ಕಾಲು ಗಂಟೆಯಾದರೂ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಕ್ಯಾನು ನೋಡಲು ಬರೇ ನೀರಿನ ಹಾಗೇ ಇರುತ್ತದೆ. ಮಗಳು ಈಗ ಎಲ್ಲ ಮುಚ್ಚಳ ತೆರೆಯುವ ಪ್ರಾಯದವಳು, ಬೀಗ ಹಾಕುವ ಕಪಾಟಿನಲ್ಲಿಡು, ದಪ್ಪ ಅಕ್ಷರದಲ್ಲಿ ಹೆಸರು ಬರೆ.

ಪಟ್ಟಿಯಿಂದ ಸ್ಟಿರರ್ ಹೊಡೆದುಹಾಕು. ನಾಲ್ಕು ತಲೆಯ ಪಂಪಿನ ಬದಲು ನಿಮಿಷಕ್ಕೆ ಎರಡು-ಮೂರು ಮಿಲಿಯ ಒಂದೇ ತಲೆಯದು ಬರಲಿ. ಆದರೆ ಈಗಲೇ ಬೇಡ, ಈ ಮಳೆಗಾಲ ಡ್ರಿಪ್ ಸೆಟ್ಟಿನಲ್ಲೇ ಕಳೆ, ದಿನಾ ಎಷ್ಟು ನೀರು ಆರಿತು, ಆಲ್ಕಲಿನಿಟಿ ಎಷ್ಟಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡು. ದೀಪಾವಳಿಯ ಹೊತ್ತಿಗೆ ಆ ಪುಸ್ತಕ ತೆಗೆದುಕೊಂಡು ಮನೆಗೆ ಬಾ, ಪಂಪು ಕೊಳ್ಳಲು ಇಬ್ಬರೂ ಹೋಗೋಣ.